ದೂರದ ಬಡ್ಡಿ, ಮರಿಯ ಕಿವಿ

ಗೋಕಾಕದ ಅಂಗಿ ಹೊಲಿಯುವ ಘಟಕದಲ್ಲಿ ಅಕ್ಕನಿಗೆ ಅರ್ಧ ವಾರ ಕೆಲಸವಿಲ್ಲದಂತಾದಾಗ ಮೇಲ್ವಿಚಾರಕರು ಕೊಟ್ಟ ಕಾರಣ ಒಂದೇ: ವಿದೇಶದಲ್ಲಿ ಬಡ್ಡಿ ಏರಿದೆ. ಮೂಡಲಗಿಯ ನಮ್ಮ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ನನ್ನನ್ನು ಕೇಳಿದಳು.

“ನೀ ಕಲತಾಕಿ. ಇದು ಖರೆನೋ, ನಮ್ಮನ್ನ ಬಿಡಸಾಕ ಹೂಡಿದ ಆಟನೋ?”

ಸುಳ್ಳಾಗಿದ್ದರೆ ಜೊತೆಯವರನ್ನು ಕೂಡಿಸಿಕೊಂಡು ಅಲ್ಲೇ ಜಗಳವಾಡುವುದು. ನಿಜವಾಗಿದ್ದರೆ ಹುಕ್ಕೇರಿಯ ಹೊಸ ಘಟಕಕ್ಕೆ ಹೋಗಿ, ಕಲಿಯುವವಳಂತೆ ಮೊದಲಿನಿಂದ ಆರಂಭಿಸುವುದು. ಆಕೆಯ ಮುಂದೆ ಇದ್ದದ್ದು ಇವೆರಡೇ.

ನಮ್ಮ ವಂಶದಲ್ಲಿ ಪದವಿ ಪಡೆದವಳು ನಾನೇ ಮೊದಲು. ತಪ್ಪು ಮಾತನಾಡಬಾರದೆಂಬ ಭಯವೂ ಅದರ ಜೊತೆಗೇ ಬಂದಿತ್ತು. ಎಚ್ಚರದಿಂದ ವಿವರಿಸಿದೆ: ಒಂದು ದೇಶದಲ್ಲಿ ಬಡ್ಡಿ ದರ ಹೆಚ್ಚಿದರೆ ಸಾಲ ದುಬಾರಿಯಾಗುತ್ತದೆ, ಅಂಗಡಿಗಳು ಸರಕನ್ನು ಕಡಿಮೆ ತರಿಸುತ್ತವೆ, ಜನ ಖರ್ಚನ್ನು ಮುಂದೂಡುತ್ತಾರೆ, ಅವರಿಗಾಗಿ ಹೊಲಿಯುವ ದೇಶದಲ್ಲಿಯೂ ಉತ್ಪಾದನೆ ಕುಗ್ಗಬಹುದು. ‘ಬಹುದು’ ಎಂದದ್ದು ಅಕ್ಕನಿಗೆ ಹಿಡಿಸಲಿಲ್ಲ.

ಕುರಿಗಾರರ ಮನೆಯಿಂದ ಬಂದ ಅವ್ವ ಜೋಳ ಹಸನು ಮಾಡುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆಕೆಯ ತವರಿನಲ್ಲಿ ಕುರಿಗಳನ್ನು ಪಾಲಿಗೆ ಕೊಡುತ್ತಿದ್ದರು. ಹುಟ್ಟಿದ ಮರಿಗಳಲ್ಲಿ ಅರ್ಧ ಸಾಕಿದವನಿಗೆ. ಮರಿ ಸತ್ತಿತೆಂದು ಅವನು ಹೇಳಿದರೆ ಸಾಲದು, ಗುರುತು ಹಾಕಿದ ಅದರ ಕಿವಿಯನ್ನು ತಂದು ತೋರಿಸಬೇಕು.

“ಅಂಗಿ ಹೋಗವಲ್ಲವು ಅಂತಾರಲ್ಲ, ಕಿವಿ ತೋರಸ್ಯಾರೇನು?” ಎಂದಳು ಅವ್ವ.

ಮರುದಿನ ಅಕ್ಕನೊಡನೆ ನಾನೂ ಗೋಕಾಕಕ್ಕೆ ಹೋದೆ.

“ಹೋಗದ ಅಂಗಿ ಎಲ್ಲಿ ಅದಾವ, ತೋರಸ್ರಿ,” ಎಂದು ಅಕ್ಕ ಕೇಳಿದಳು.

ಮೇಲ್ವಿಚಾರಕರು ನನ್ನನ್ನು ನೋಡಿದರು. “ವಕೀಲರನ್ನ ಕರಕೊಂಡ ಬಂದೀ ಏನವಾ?”

“ನನ್ನ ತಂಗಿರಿ. ಬಡ್ಡಿ ಬಗ್ಗೆ ಓದ್ಯಾಳ.”

“ಹಂಗಾರ ಒಂದಿಷ್ಟು ಇಳಸಾಕ ಹೇಳು ಆಕಿಗೆ,” ಎನ್ನುತ್ತ ಅವರು ಉಗ್ರಾಣದ ಬೀಗ ತೆಗೆದರು.

ರಟ್ಟಿನ ಪೆಟ್ಟಿಗೆಗಳು ಸೂರಿನವರೆಗೆ ಏರಿದ್ದವು. ಯಾವುದೋ ಹಳೆಯ ಸರಕನ್ನು ತೋರಿಸಿ ನಂಬಿಸುತ್ತಿರಬೇಕೆಂದು ನನ್ನ ಗುಮಾನಿ. ಅಕ್ಕ ಒಂದು ಪೆಟ್ಟಿಗೆ ಬಿಚ್ಚಿ, ಅಂಗಿಯ ಕಾಲರನ್ನು ಮಗುಚಿದಳು. ದೀಪಾವಳಿಯ ಹೊತ್ತಿಗೆ ಬಿಳಿ ನೂಲು ತೀರಿ, ಆಕೆಯೇ ಕೆನೆಬಣ್ಣದ ನೂಲಿನಿಂದ ಮುಗಿಸಿದ್ದ ಹೊಲಿಗೆ ಅದು. ಎಂದೋ ಹಡಗು ಹತ್ತಿತೆಂದು ನಾವು ತಿಳಿದಿದ್ದ ಅಂಗಿ.

“ಖರೆ ಐತಿ,” ಎಂದಳು. ಅಂಗಿಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು ನನ್ನ ಕಡೆ ತಿರುಗಿ, “ಈ ಬಡ್ಡಿ ಯಾವಾಗ ಇಳೀತೈತಿ?”

ಆ ವಾರವೇ ಆಕೆ ಹುಕ್ಕೇರಿಯ ಹೊಸ ಘಟಕಕ್ಕೆ ಹೊರಟಳು; ಜೊತೆಗೆ ನನ್ನನ್ನೂ ಕರೆದೊಯ್ದಳು.

ಹುಕ್ಕೇರಿಯಲ್ಲಿ ಯಂತ್ರದ ಮುಂದೆ ಕೂರುವ ಮೊದಲು ಆಕೆ ಮಾಲೀಕರನ್ನು ವಿಚಾರಿಸಿದಳು. “ಈ ಅಂಗಿ ಯಾವ ದೇಶಕ್ಕ ಹೋಗ್ತಾವ್ರಿ?”

“ಎಲ್ಲಿ ದೇಶ ಬಂತವಾ, ಇಲ್ಲೇ ಸಾಲಿ ಹುಡುಗರ ಯೂನಿಫಾರ್ಮು.”

“ಮತ್ತ ಈ ಮಿಷನ್ನು? ಸಾಲದ ಮ್ಯಾಲ ತಂದೀರೇನ್ರಿ?”

ಮಾಲೀಕರು ನನ್ನ ಕಡೆ ನೋಡಿದರು. “ಈ ಬಡ್ಡಿ ಲೆಕ್ಕಾ ಈಕಿಗೆ ನೀ ಕಲಿಸೀ ಏನವಾ?”