ಹೆಲ್ಮಿ ಕರೆಯದೇ ಬಂದ ದಿನ

೨೦೦೬ನೇ ಇಸವಿ. ಆಗ ನಾವು ನೈರೋಬಿಯ ರಿವರ್‌ಸೈಡಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಮ್ಮವರು ಔಷಧ ಕಾರ್ಖಾನೆಯಲ್ಲಿ ಎಂಜಿನಿಯರ್. ಆ ಜೂನ್ ತಿಂಗಳಲ್ಲಿ ಅವರಿಗೆ ಫಿನ್‌ಲೆಂಡಿನ ಕಂಪನಿಯೊಂದರಿಂದ ಕೆಲಸದ ಕರೆ ಬಂತು. ಸೋಮವಾರ ಬೆಳಿಗ್ಗೆ ಉತ್ತರ ಹೇಳಬೇಕಿತ್ತು.

"ನಂಗೇನು, ಫ್ಯಾಕ್ಟರಿ ಎಲ್ಲಾ ಕಡೆ ಒಂದೇ. ಮನೇಲಿರೋಳು ನೀನು. ನೀನು ಹೂಂ ಅಂದ್ರೆ ಹೋಗೋಣ" ಎಂದು ಹೇಳಿ ಅವರು ಆರಾಮಾಗಿ ಪೇಪರ್ ಹಿಡಿದು ಕೂತರು. ತಲೆ ಕೆಟ್ಟಿದ್ದು ನನಗೆ. ಮೈಸೂರಿನಿಂದ ಬಂದು ಇಲ್ಲಿ ಮಟಾಟು ಅನ್ನುವ ಬಾಡಿಗೆ ವ್ಯಾನ್ ಹತ್ತಿ ತರಕಾರಿ ತರುವುದನ್ನು ಕಲಿಯುವಷ್ಟರಲ್ಲೇ ಸಾಕುಸಾಕಾಗಿತ್ತು. ಅಟ್ಲಾಸ್ ತೆಗೆದು ನೋಡಿದರೆ ಆ ದೇಶದ ತುಂಬ ನೀಲಿ ಚುಕ್ಕೆ. "ಲೇಕ್ಸ್, ಅಮ್ಮಾ. ಸೋ ಮೆನಿ ಲೇಕ್ಸ್" ಎಂದಳು ಆರು ವರ್ಷದ ಮಗಳು ಅನಘಾ. ಅಷ್ಟರಿಂದ ನನಗೇನು ತಿಳಿಯಬೇಕು?

ನಮ್ಮ ಎದುರು ಫ್ಲ್ಯಾಟಿನ ಹೆಲ್ಮಿ ಆ ದೇಶದವರೇ. ಅರವತ್ತು ದಾಟಿದ, ಒಂಟಿಯಾಗಿದ್ದ ಹೆಂಗಸು. ಲಿಫ್ಟಿನಲ್ಲಿ ಸಿಕ್ಕರೆ ತಲೆ ಆಡಿಸುತ್ತಿದ್ದರು, ಅಷ್ಟೇ. ಯುಗಾದಿಗೆ ಅವರಿಗೆ ಹೋಳಿಗೆ ಕೊಟ್ಟಿದ್ದೆ. ಮಾರನೇ ದಿನ ಸ್ಟೀಲ್ ಡಬ್ಬಿ ಫಳಫಳ ತೊಳೆದು ಚೀಲದಲ್ಲಿ ನಮ್ಮ ಬಾಗಿಲ ಹಿಡಿಗೆ ನೇತುಹಾಕಿದ್ದರು. ಒಳಗೆ ಒಂದು ಚಿಟಿಕೆ ಸಕ್ಕರೆಯೂ ಇಲ್ಲ. ಆ ಸಿಟ್ಟು ನನಗಿನ್ನೂ ಇತ್ತು.

ಆದರೂ ಶನಿವಾರ ಅದೇ ಡಬ್ಬಿಗೆ ಕೋಡುಬಳೆ ತುಂಬಿಕೊಂಡು ಹೋಗಿ ಬೆಲ್ ಒತ್ತಿದೆ. ಅವರ ಶೂ ಬಾಗಿಲ ಹೊರಗೇ ಇದ್ದವು. ನಾನೂ ಚಪ್ಪಲಿ ಬಿಟ್ಟು ಒಳಗೆ ಹೋದೆ. ಕಾಫಿ ಕೊಟ್ಟು, ಕಡ್ಡಿಗಳಲ್ಲಿ ಉಲ್ಲನ್ ಹೆಣೆಯುತ್ತಾ ಕೂತರು. ಕೆಲಸದ ಕರೆ, ಕಂಪನಿಯಿರುವ ಊರು ಎಲ್ಲ ಹೇಳಿ, ಹೆಣ್ಣು ಕೊಡುವ ಮನೆಯ ಬಗ್ಗೆ ವಿಚಾರಿಸುವ ಹಾಗೆ ನನ್ನ ಇಂಗ್ಲಿಷಿನಲ್ಲಿ ಕೇಳಿದೆ: ಊರು ಹೇಗೆ, ಹವೆ ಹೇಗೆ, ಜನ ಹೇಗೆ?

ಹೆಣೆಯುತ್ತಿದ್ದ ಸಾಲು ಮುಗಿಸಿ ಹೇಳಿದರು: "ಕಾಡು, ಕೆರೆ. ಕೆರೆ ದಾಟಿದರೆ ಮತ್ತೆ ಕಾಡು. ಚಳಿಗಾಲದಲ್ಲಿ ಉತ್ತರದ ಕಡೆ ಸೂರ್ಯ ಹುಟ್ಟುವುದೇ ಇಲ್ಲ. ಬೇಸಿಗೆಯಲ್ಲಿ ಮುಳುಗುವುದಿಲ್ಲ."

"ಜನ?"

"ಕಡಿಮೆ."

"ಅಲ್ಲ, ಸ್ವಭಾವ?"

"ಮಾತು ಕಡಿಮೆ. ನಿಮ್ಮ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಕರೆಯದೇ ನಾವು ಯಾರ ಮನೆಗೂ ಹೋಗುವುದಿಲ್ಲ."

ಕರೆಯದೇ ಹೋಗಿ ಕೂತಿದ್ದ ನಾನು ಕಾಫಿ ಕಪ್ ಕೆಳಗಿಟ್ಟೆ. ನನ್ನನ್ನು ಎದ್ದು ಹೋಗು ಅನ್ನುತ್ತಿದ್ದಾರೋ, ಸುಮ್ಮನೆ ಊರಿನ ರೀತಿ ಹೇಳುತ್ತಿದ್ದಾರೋ ತಿಳಿಯಲಿಲ್ಲ.

"ನಿಮ್ಮ ಕಡೆ ಹೇಗೆ?" ಎಂದು ಅವರು ಕೇಳಿದರು.

ಬಾಯಿ ತಡೆಯಲಿಲ್ಲ. "ನಮ್ಮ ಕಡೆ ಯಾರಾದರೂ ತಿಂಡಿ ಕೊಟ್ಟರೆ ಪಾತ್ರೆಯನ್ನು ಖಾಲಿ ವಾಪಸ್ ಕೊಡುವುದಿಲ್ಲ" ಎಂದುಬಿಟ್ಟೆ. ಹೆಲ್ಮಿ ಡಬ್ಬಿಯನ್ನು ನೋಡಿದರು. "ಹಾಗಾ" ಎಂದರು.

ಭಾನುವಾರವೆಲ್ಲ ಗೊಂದಲ. ನಮ್ಮ ಹಾಗೇ ಚಪ್ಪಲಿ ಹೊರಗೆ ಬಿಡುವ ಜನ, ಕಾಫಿ ಕುಡಿಯುವ ಜನ. ಆದರೆ ಮಾತೇ ಇಲ್ಲದೆ ಬದುಕುವುದು ಹೇಗೆ? ರಾತ್ರಿ ಊಟಕ್ಕೆ ಕೂತಾಗ, "ಅಲ್ಲಿ ಸೂರ್ಯಾನೂ ಬರಲ್ವಂತೆ, ಜನಾನೂ ಬರಲ್ವಂತೆ. ಬೇಡ ಕಣ್ರೀ" ಎಂದೆ. ಸೋಮವಾರ ಬೆಳಿಗ್ಗೆ ಇವರು ಕಂಪನಿಗೆ ಫೋನ್ ಮಾಡಿ, ನಾವು ಬರುವುದಿಲ್ಲ ಎಂದು ಹೇಳಿದರು. ನನಗೆ ಹಾಯೆನಿಸಿತು.

ಅದೇ ಸಂಜೆ ಬೆಲ್ ಆಯಿತು. ನೋಡಿದರೆ ಹೆಲ್ಮಿ, ಕೈಯಲ್ಲಿ ನನ್ನ ಡಬ್ಬಿ.

"ಕರೆಯದೇ ಬಂದಿದ್ದೇನೆ, ಕ್ಷಮಿಸಿ" ಎಂದು ಡಬ್ಬಿ ಕೊಟ್ಟರು. ತೆರೆದರೆ ಒಳಗೆ ಒಂದು ಜೊತೆ ಪುಟ್ಟ ಉಲ್ಲನ್ ಕಾಲುಚೀಲ. ಅನಘಾ ಹಾಕಿಕೊಂಡಳು, ದೊಡ್ಡದಾಯಿತು.

"ಹಿಮ ಬೀಳುವ ಹೊತ್ತಿಗೆ ಸರಿಹೋಗುತ್ತದೆ" ಎಂದರು ಹೆಲ್ಮಿ. "ನಿಮ್ಮನ್ನು ಹೆದರಿಸಿಬಿಟ್ಟೆನೇನೋ ಎಂದು ನಿದ್ದೆ ಬರಲಿಲ್ಲ. ನೀವು ಹೋಗುವ ಊರಿನಲ್ಲೇ ನನ್ನ ತಂಗಿ ಇದ್ದಾಳೆ. ನಿಮ್ಮ ಬಾಗಿಲು ತಟ್ಟಬೇಕು ಎಂದು ಅವಳಿಗೆ ಫೋನಿನಲ್ಲಿ ಹೇಳಿದ್ದೇನೆ."

ಸೋಫಾದಿಂದ ಇವರು ನನ್ನ ಮುಖ ನೋಡಿದರು. ಬೇಡ ಅಂದಾಯಿತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ವಾರದ ಮೇಲೆ ಹೇಳಿದೆ. "ಹಾಗಾ" ಎಂದರು ಹೆಲ್ಮಿ. ಬೇಜಾರಾಯಿತೋ ಇಲ್ಲವೋ, ಆ ಮುಖದಲ್ಲಿ ಏನೂ ಗೊತ್ತಾಗಲಿಲ್ಲ.

ಜುಲೈನ ನೈರೋಬಿ ಚಳಿಗೆ ಅನಘಾ ಆ ಕಾಲುಚೀಲ ಹಾಕಿಕೊಂಡು ಮನೆಯೆಲ್ಲ ಜಾರಾಡಿದಳು. ವರ್ಷದ ಕೊನೆಗೆ ಹೆಲ್ಮಿ ತಮ್ಮ ದೇಶಕ್ಕೆ ಹೊರಟುಹೋದರು. ನಾವೂ ಹೋಗಬೇಕಿತ್ತೋ, ನೈರೋಬಿಯಲ್ಲೇ ಇದ್ದದ್ದು ಒಳ್ಳೆಯದಾಯಿತೋ ನನಗಿನ್ನೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಯಾರೂ ಯಾರ ಬಾಗಿಲನ್ನೂ ತಟ್ಟದ ಆ ದೇಶದಲ್ಲಿ ನನ್ನ ಬಾಗಿಲು ತಟ್ಟಲು ಒಬ್ಬಳು ಕಾದಿದ್ದಳು. ಅವಳ ಹೆಸರನ್ನೂ ನಾನು ಕೇಳಲಿಲ್ಲ.