ಕೋನ್‌ಫ್ಲವರಿಗೆ ಗ್ಯಾರಂಟಿ ಕೊಟ್ಟವನ ಅಂಗಳ

ಇದರ ಪ್ರತಿ ಅಕ್ಷರವೂ ಸತ್ಯ, ಬೇಕಾದರೆ ಮೀಸೆ ಮುಟ್ಟಿ ಆಣೆ ಹಾಕುತ್ತೇನೆ. ಹೂಗಿಡ ನೋಡಿ ಆರಿಸುವುದರಲ್ಲಿ ಕಾಸರಗೋಡಿನಲ್ಲೇ ನನ್ನಂಥವನು ಇನ್ನೊಬ್ಬನಿಲ್ಲ. ಆದರೂ ಒಮ್ಮೆ ನೆಟ್ಟರೆ ವರ್ಷ ವರ್ಷ ಚಿಗುರಬೇಕಾದ ಕೋನ್‌ಫ್ಲವರ್ ಎಂಬ ಹೂಗಿಡ ನನ್ನ ಅಂಗಳದಲ್ಲಿ ಪ್ರತಿ ಮಳೆಗಾಲಕ್ಕೂ ಕೊಳೆಯುತ್ತಿತ್ತು. "ಇನ್ನೊಮ್ಮೆ ಸತ್ತರೆ ಅಲ್ಲಿ ಬಸಳೆ ಚಪ್ಪರ" ಎಂದು ಹೆಂಡತಿ ತೀರ್ಪು ಕೊಟ್ಟಳು.

ನಾಯ್ಮಾರ್ಮೂಲೆಯ ಕಡೆ ಕೆಲಸಕ್ಕೆ ಹೋದವನು ಒಂದು ನರ್ಸರಿಗೆ ನುಗ್ಗಿದೆ. ಮಾಲಕ ಮುದ್ದೆ ಮುದ್ದೆ ಎಸಳಿನ ಕಿತ್ತಳೆ ಬಣ್ಣದ ಕೋನ್‌ಫ್ಲವರ್ ತಳಿಯನ್ನು ಮುಂದಿಟ್ಟ.

"ಎಂಥ ಮಳೆಗೂ ಜಗ್ಗುವುದಿಲ್ಲ ಸಾರ್, ಗ್ಯಾರಂಟಿ."

ಗ್ಯಾರಂಟಿ ಎಂದು ಕೇಳಿದರೆ ನನ್ನ ಮೂಗು ತಾನಾಗಿ ತುರಿಸುತ್ತದೆ. "ನಿಮ್ಮ ಮನೆಯಲ್ಲಿ ಉಂಟಾ ಇದು?"

"ಮನೆಯಲ್ಲಿ ಎಂತಕ್ಕೆ ಸಾರ್? ಇಲ್ಲೇ ಉಂಟಲ್ಲ!"

"ಮನೆ ಎಲ್ಲಿ?"

ಅವನ ಕಣ್ಣು ಹಿಂದಿನ ಗೋಡೆಯತ್ತ ಓಡಿತು. ನಾನು ಚಿರತೆಯ ಹಾಗೆ ಹಾರಿ ಆಚೆ ಇಣುಕಿದೆ. ಅವನ ಮನೆಯಂಗಳದ ತುಂಬ ಬಸಳೆ ಚಪ್ಪರ! ಅದರ ಬದಿಗೆ ಮರಳು ಬೆರೆಸಿದ ದಿಬ್ಬದ ಮೇಲೆ, ಒಂದೇ ಸುತ್ತು ಎಸಳಿನ ಸಾದಾ ನೇರಳೆ ಕೋನ್‌ಫ್ಲವರ್.

"ಅದು ಕೊಡಿ."

"ಅದು ಮಾರ್ಲಿಕ್ಕಲ್ಲ ಮಾರಾಯ್ರೆ, ಹೆಂಡತಿಯದ್ದು. ಎಷ್ಟೋ ಮಳೆ ಕಂಡದ್ದು."

ಬಸಳೆ ಕೊಯ್ಯುತ್ತಿದ್ದ ಆಕೆ ನಕ್ಕಳು. "ಬೀಜ ಕೊಡ್ತೇನೆ ಅಣ್ಣ. ಬುಡದಲ್ಲಿ ನೀರು ಮಾತ್ರ ನಿಲ್ಲಬಾರದು."

ಆ ಬೀಜದ ಗಿಡಗಳು ಮಳೆಗಾಲ ದಾಟಿ ಮತ್ತೆ ಚಿಗುರಿದವು. ನನ್ನ ಹೆಂಡತಿ ಸೋಲೊಪ್ಪಿ ಇಡೀ ಅಂಗಳವನ್ನು ನನಗೇ ಬಿಟ್ಟುಕೊಟ್ಟಳು.

ಹೆಂಡತಿ ಸೋಲೊಪ್ಪಿದಳೆಂಬ ಆ ಒಂದು ಮಾತು ಮಾತ್ರ ನಾನು ಸೇರಿಸಿದ್ದು. ಅವಳ ಬಸಳೆ ಚಪ್ಪರ ಎದ್ದಾಗಿದೆ, ನನ್ನ ಹೂ ಅದರ ಬದಿಗೆ ಉಂಟು.