ಪಾರ್ಸಿಕ್ ಸುರಂಗದಲ್ಲಿ ಕಾನ್ಸಾಸ್ ಸಿಟಿ

ಅಮೆರಿಕದ ಐದನೇ ನಂಬರಿನ ಇಂಟರ್‌ಸ್ಟೇಟ್ ಹೆದ್ದಾರಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೇನೆ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನನ್ನ ಎದುರುಮನೆಯವರ ಹೆಸರು ಕೇಳಿದರೆ ಮಾತ್ರ ಬಾಯಿ ಕಟ್ಟುತ್ತದೆ. ನಾಲ್ಕು ವರ್ಷ ಅವರ ಚಪ್ಪಲಿಗಳನ್ನು ನೋಡಿದ್ದೇನೆ, ಮುಖ ನೋಡಿದ್ದು ಕಡಿಮೆ.

ನನ್ನ ಕೆಲಸವೇ ಹಾಗಿತ್ತು. ನವಿ ಮುಂಬೈಯ ಐರೋಲಿಯಲ್ಲಿ ಒಂದು ನಕಾಶೆ ಕಂಪನಿ. ಉಪಗ್ರಹದ ಚಿತ್ರಗಳ ಮೇಲೆ ಅಮೆರಿಕದ ರಸ್ತೆಗಳಿಗೆ ಗೆರೆ ಎಳೆಯುತ್ತ ದಿನವಿಡೀ ಕೂರಬೇಕು. ಧಾರವಾಡದ ಕಡೆಯಿಂದ ಬಂದ ನಾನು ವಾರಗಟ್ಟಲೆ ಕನ್ನಡದಲ್ಲಿ ಒಂದು ಮಾತೂ ಆಡದೆ ಇದ್ದದ್ದುಂಟು. ಹೆದ್ದಾರಿ ನಂಬರು ಬಾಯಿಪಾಠವಾಗಲಿ ಎಂದು ಸೂಪರ್‌ವೈಸರ್ ಆನ್‌ಲೈನ್ ಕ್ವಿಜ್ ಆಡಲು ಹೇಳಿದ. ಅಮೆರಿಕದ ಊರುಗಳು, ರಸ್ತೆಗಳು, ಒಟ್ಟು ಐವತ್ತು ಪ್ರಶ್ನೆ. ಮಾತಾಡುವವರಿಲ್ಲದ ನನಗೆ ಅದೇ ಚಟವಾಯಿತು. ಇಸವಿ ಎರಡು ಸಾವಿರದ ಹನ್ನೆರಡು ಇರಬೇಕು.

ಬೆಳಿಗ್ಗೆ ಕಲ್ಯಾಣದಿಂದ ಬರುವ ಫಾಸ್ಟ್ ಲೋಕಲ್‌ಗೆ ಡೊಂಬಿವಲಿಯಲ್ಲಿ ನುಗ್ಗಿ, ಠಾಣೆಯಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿಯುತ್ತಿದ್ದೆ. ಒಂದು ದಿನ ನಿಂತೇ ಮೊಬೈಲಿನಲ್ಲಿ ಕ್ವಿಜ್ ಆಡುತ್ತ, ಉತ್ತರ ತಪ್ಪಿದ್ದಕ್ಕೆ "ಥೂ, ಹಾಳಾಗಿ ಹೋಗ್ಲಿ" ಎಂದು ಬೈದೆ.

"ನಲವತ್ತು ಒತ್ತಬೇಕಿತ್ತು ಮಾರಾಯ. ಮೊನ್ನೆಯೂ ಇದನ್ನೇ ಕೇಳಿತ್ತು, ಮೊನ್ನೆಯೂ ನೀನು ತಪ್ಪೇ ಒತ್ತಿದ್ದಿ," ಎಂದಿತು ಕೆಳಗಿನಿಂದ ಒಂದು ದನಿ.

ಕೂತಿದ್ದವರು ಅರವತ್ತರ ಹತ್ತಿರದವರು, ಉಡುಪಿ ಕಡೆಯವರು. ಅಮರಿಲ್ಲೊ ಊರಿನ ಮೇಲೆ ಹಾಯುವ ಹೆದ್ದಾರಿ ನಲವತ್ತು ಎಂಬುದನ್ನು ನನ್ನ ಮೊಬೈಲಿನಲ್ಲೇ ಕದ್ದು ನೋಡಿ ಕಲಿತಿದ್ದರು! ಠಾಣೆಯ ಲಾರಿ ಬುಕಿಂಗ್ ಆಫೀಸಿನಲ್ಲಿ ಗುಮಾಸ್ತರಂತೆ. ಭಿವಂಡಿಯ ಗೋದಾಮುಗಳಿಂದ ದೇಶದ ಮೂಲೆಮೂಲೆಗೆ ಲಾರಿ ಕಳಿಸುವವರು, ತಾವು ಮಾತ್ರ ಕಲ್ಯಾಣ-ಠಾಣೆ ಬಿಟ್ಟು ಎಲ್ಲೂ ಹೋದವರಲ್ಲ. ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಊರಿಗೆ, ಅಷ್ಟೆ. "ಸಮಸಂಖ್ಯೆಯಾದರೆ ಪೂರ್ವ-ಪಶ್ಚಿಮ ಅಡ್ಡ ರಸ್ತೆ, ಬೆಸವಾದರೆ ಉತ್ತರ-ದಕ್ಷಿಣ ಉದ್ದ ರಸ್ತೆ. ಎಷ್ಟು ಚಂದ ಲೆಕ್ಕ ಉಂಟು ನೋಡು ಅವರದ್ದು. ನಮ್ಮೂರಿನ ಹೆದ್ದಾರಿ ಹದಿನೇಳು ಇದ್ದದ್ದು ರಾತ್ರಿ ಬೆಳಗಾಗುವುದರೊಳಗೆ ಅರವತ್ತಾರು ಆಯ್ತು, ಕೇಳುವವರಿಲ್ಲ," ಎನ್ನುತ್ತಿದ್ದರು.

ಲೋಕಲ್‌ನಲ್ಲಿ ಮೂವರ ಸೀಟಿನ ತುದಿಗೆ ನಾಲ್ಕನೆಯವನು ಅರ್ಧ ಕುಂಡೆ ಊರಿ ಕೂರುವ ಪದ್ಧತಿ ಇದೆ. ಮರುದಿನದಿಂದ ಆ ಚೌಥಿ ಸೀಟ್ ನನ್ನದಾಯಿತು. ಅವರು ಕಲ್ಯಾಣದಲ್ಲೇ ಹತ್ತುವವರು, ಡೊಂಬಿವಲಿಯವರೆಗೆ ಅಲ್ಲಿ ನನ್ನ ಬದಲು ಅವರ ಕೊಡೆ ಕೂತಿರುತ್ತಿತ್ತು. ಅವರು ನನಗೆ ಕಾಕಾ, ನಾನು ಅವರಿಗೆ ಮಾರಾಯ. ಹೆಸರು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಗಾಡಿಯ ಸ್ನೇಹಕ್ಕೆ ಅದು ಬೇಕಾಗುವುದಿಲ್ಲ. ಕಷ್ಟದ ಪ್ರಶ್ನೆಯನ್ನು ಠಾಣೆಗೆ ಮೊದಲು ಬರುವ ಪಾರ್ಸಿಕ್ ಸುರಂಗಕ್ಕೆಂದೇ ಉಳಿಸುತ್ತಿದ್ದೆವು. ಒಳಗೆ ನೆಟ್ ಸಾಯುತ್ತದೆ, ಗಾಡಿಯ ಸದ್ದು ಕಿವಿಗಡಚಿಕ್ಕುತ್ತದೆ. ನಾವಿಬ್ಬರು ತಲೆಗೆ ತಲೆ ತಾಗಿಸಿ ಕಿರುಚಿ ಚರ್ಚಿಸುವುದು, ಆಚೆ ಬೆಳಕು ಬಂದೊಡನೆ ಒತ್ತುವುದು. ಇಡೀ ದಿನದಲ್ಲಿ ನನಗೆ ಜೀವ ಇದ್ದದ್ದು ಆ ಇಪ್ಪತ್ತು ನಿಮಿಷ. ಉಳಿದದ್ದು ಸುಮ್ಮನೆ ಹೊತ್ತು ಕಳೆಯುವುದು.

ಒಂದು ದಿನ ನಲವತ್ತೊಂಬತ್ತೂ ಸರಿ ಬಂದವು. ಎದುರು ಸೀಟಿನ ಇಸ್ಪೀಟು ಮಂಡಳಿಯೂ ಎಲೆ ಮಡಚಿ ನಮ್ಮನ್ನೇ ನೋಡುತ್ತಿತ್ತು. ಕೊನೆಯ ಪ್ರಶ್ನೆ: ಎರಡು ಕಾನ್ಸಾಸ್ ಸಿಟಿಗಳಲ್ಲಿ ದೊಡ್ಡದು ಇರುವುದು ಯಾವ ರಾಜ್ಯದಲ್ಲಿ? ಉತ್ತರ ಹೆಸರಲ್ಲೇ ಇದೆಯಲ್ಲ ಎಂದು ನನಗೆ ನಗು ಬಂತು. ತಿಂಗಳಿಡೀ ಕಾನ್ಸಾಸ್ ರಾಜ್ಯದ ಹೊಲದ ರಸ್ತೆಗಳನ್ನು ಎಳೆದ ಅಹಂಕಾರ ಬೇರೆ.

ಸುರಂಗದಲ್ಲಿ ಕಾಕಾ ಕಿವಿಗೆ ಬಾಯಿಟ್ಟು ಕೂಗಿದರು: "ಮಿಸೌರಿ ಒತ್ತು ಮಾರಾಯ! ನಮ್ಮ ನವಿ ಮುಂಬೈ ಮುಂಬೈಯಲ್ಲಿ ಉಂಟಾ? ಠಾಣೆ ಜಿಲ್ಲೆಯಲ್ಲಿ ಅಲ್ವಾ ಇರುವುದು? ಇದೂ ಹಾಗೇ."

ಬೆಳಕು ಬಂತು. ನಾನು ಕಾನ್ಸಾಸ್ ಒತ್ತಿದೆ. ತಪ್ಪು! ಕಾಕಾ ತೊಡೆ ತಟ್ಟಿಕೊಂಡು ನಕ್ಕರು, ಮಂಡಳಿಯೂ ಹೋ ಎಂದಿತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಠಾಣೆ ದಾಟಿ ಒಂದ್ ದಿನಾ ಹೋಗಲಾರದವರು ನನಗ ಅಮೆರಿಕಾ ಕಲಸ್ತೀರೇನು? ಸಾಕ್ ಮಾಡ್ರಿ ನಿಮ್ಮ ಶಾಣ್ಯಾತನ!" ಎಂದುಬಿಟ್ಟೆ.

ಮಂಡಳಿಗೆ ಕನ್ನಡ ತಿಳಿಯದು, ದನಿ ತಿಳಿಯಿತು. ಕಾಕಾ ನಗು ನಿಲ್ಲಿಸಿ, ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು, "ಆಯ್ತು ಮಾರಾಯ," ಎಂದರು.

ಮರುದಿನ ಮುಖ ತೋರಿಸಲು ನಾಚಿಕೆಯಾಗಿ ಸ್ಲೋ ಗಾಡಿ ಹತ್ತಿದೆ. ಅದು ಗುಡ್ಡ ಸುತ್ತಿ ಮುಂಬ್ರಾ, ಕಳವಾ ಎಂದು ನಿಲ್ಲುತ್ತ ಹೋಗುತ್ತದೆ, ಅದಕ್ಕೆ ಸುರಂಗವಿಲ್ಲ. "ನಿಮ್ಮ ಮಾತೇ ಖರೆ ಇತ್ರೀ ಕಾಕಾ, ನಂದು ತಪ್ಪಾತು." ಇಷ್ಟು ಹೇಳಿದರೆ ಮುಗಿಯುತ್ತಿತ್ತು. ನಾಳೆ ಹೇಳೋಣ, ಸೋಮವಾರ ಹೇಳೋಣ ಎಂದು ಮೂರು ವಾರ ತಳ್ಳಿದೆ. ಎಂಥ ಮುಠ್ಠಾಳ ನಾನು!

ಕೊನೆಗೆ ಫಾಸ್ಟ್ ಹತ್ತಿದಾಗ ಆ ತುದಿಯಲ್ಲಿ ಯಾರದೋ ಲ್ಯಾಪ್‌ಟಾಪ್ ಚೀಲ ಇತ್ತು, ಪಕ್ಕದಲ್ಲಿ ಕಾಕಾರ ಜಾಗದಲ್ಲಿ ಬೇರೊಬ್ಬ ಕೂತಿದ್ದ.

"ಕಹಾಂ ಥಾ ರೇ ತೂ?" ಎಂದ ಮಂಡಳಿಯ ಹಿರಿಯ, ಇಷ್ಟು ದಿನ ಎಲ್ಲಿದ್ದೆ ಎಂದು. ಉಳಿದದ್ದನ್ನೂ ಹಿಂದಿಯಲ್ಲೇ ಹೇಳಿದ. ಕಾಕಾ ಹೋದ ಶುಕ್ರವಾರ ರಿಟೈರ್ ಆದರು. ಕೊನೆಯ ದಿನದವರೆಗೂ ಡೊಂಬಿವಲಿ ಬಂದಾಗ ಚೌಥಿ ಸೀಟಿನ ಕೊಡೆ ತೆಗೆಯಲಿಲ್ಲ. ನಮ್ಮ ಹುಡುಗ ಬರ್ತಾನೆ ಎನ್ನುತ್ತ ಎರಡು ಸಲ ಜಗಳವನ್ನೂ ಕಾಯ್ದರು. ಬೋಗಿಗೆಲ್ಲ ಪೇಢಾ ಹಂಚಿ ನನ್ನ ಪಾಲಿನದನ್ನು ಇವನ ಕೈಗೆ ಕೊಟ್ಟಿದ್ದರು. "ಮೂರು ದಿನ ಕಾದೆ. ಕೆಡ್ತದಲ್ಲ, ತಿಂದುಬಿಟ್ಟೆ," ಎಂದ.

ಅವರ ನಂಬರ್ ಕೇಳಿದೆ. ಅವನ ಬಳಿಯೂ ಇರಲಿಲ್ಲ. ಶನಿವಾರ ಠಾಣೆಯಲ್ಲಿ ಲಾರಿ ಆಫೀಸುಗಳ ಮೆಟ್ಟಿಲು ಹತ್ತಿ ಇಳಿದೆ. ಮೂರನೆಯ ಕಡೆ ಒಬ್ಬ ತಲೆಯೆತ್ತಿ, ಯಾರು ಬೇಕು, ಹೆಸರೇನು ಎಂದ. ಕಾಕಾ ಎಂದೆ. "ಇಲ್ಲಿ ಎಲ್ಲರೂ ಕಾಕಾನೇ," ಎಂದು ನಕ್ಕ. ಅಮರಿಲ್ಲೊ ಊರನ್ನು ಕಣ್ಣುಮುಚ್ಚಿ ತೋರಿಸುವವನು ನಾನು. ಕಲ್ಯಾಣದಲ್ಲಿ ಒಬ್ಬ ಮನುಷ್ಯನ ಮನೆ ಯಾವ ದಿಕ್ಕಿಗೆಂದು ತಿಳಿಯದೆ ಅಲ್ಲಿಂದ ಇಳಿದು ಬಂದೆ.

ಆಮೇಲೆ ಫಾಸ್ಟ್ ಬಿಡಲಿಲ್ಲ. ಒಂದು ಬೆಳಿಗ್ಗೆ ಅದೇ ಪ್ರಶ್ನೆ ಮತ್ತೆ ಬಂತು, ಸುರಂಗಕ್ಕೆ ಸ್ವಲ್ಪ ಮೊದಲು. ಒತ್ತದೆ ಹಿಡಿದುಕೊಂಡೆ. ಕತ್ತಲೆಯಾಗಿ ಸದ್ದು ಏರಿದಾಗ, "ನಿಮ್ಮ ಮಾತೇ ಖರೆ ಇತ್ರೀ ಕಾಕಾ, ನಂದು ತಪ್ಪಾತು," ಎಂದು ಗಂಟಲು ಹರಿಯುವಂತೆ ಕೂಗಿದೆ. ಯಾರೂ ತಿರುಗಿ ನೋಡಲಿಲ್ಲ. ಬೆಳಕು ಬಂದ ಮೇಲೆ ಮಿಸೌರಿ ಒತ್ತಿದೆ. ಸರಿ ಎಂದು ತೋರಿಸಿತು.